ಅಂಟಿಸಿದ ಕಾಗದ

ತಮ್ಮಾ, ತಂಗೀ,

ವಿಜಯಪುರ ಜಿಲ್ಲೆಯ ಹೊರ್ತಿ ಸುತ್ತಲಿನ ವಸ್ತಿಗಳಿಗೆ ಸೈಕಲ್ ತುಳಿದು ಟಪಾಲು ಹಂಚಿದವ ನಾನು. ನಿಮ್ಮ ಮುತ್ಯಾಗಳು ಪುಣೆ, ಮುಂಬೈ, ಗೋವಾಕ್ಕೆ ದುಡಿಯಲು ಹೋಗಿ ಬರೆಸಿ ಕಳಿಸಿದ ಕಾಗದಗಳನ್ನು ನಿಮ್ಮ ಅಜ್ಜಿಯಂದಿರಿಗೆ ಓದಿ ಹೇಳಿದವನೂ ನಾನೇ. ಯಾರು ಬೇಕಾದರೂ ಓದಬಹುದಾದ ತೆರೆದ ಕಾರ್ಡಿಗೆ 15 ಪೈಸೆ ಇದ್ದ ಕಾಲ ಅದು. ಮಡಚಿ ಅಂಟಿಸುವ ಇನ್‌ಲ್ಯಾಂಡಿಗೆ ಅದಕ್ಕಿಂತ ಜಾಸ್ತಿ. ಪೈಸೆಗೆ ಪೈಸೆ ಕೂಡಿಸುತ್ತಿದ್ದ ಮಂದಿಯೂ ಮನೆ ಮಾತು ಬರೆಸುವಾಗ ಇನ್‌ಲ್ಯಾಂಡನ್ನೇ ಕೇಳುತ್ತಿದ್ದರು. ಒಳಗೆ ಇರುತ್ತಿದ್ದುದಾದರೂ ಏನು? ಸಾಲ ಎಷ್ಟು ತೀರಿತು, ಎಮ್ಮೆ ಈಯಿತೇ, ಸಣ್ಣವನ ಜ್ವರ ಬಿಟ್ಟಿತೇ. ಕಳ್ಳತನದ್ದು ಒಂದಕ್ಷರವೂ ಇಲ್ಲ. ಆದರೂ ಅಂಚಿನ ಗೋಂದು ಸಾಲದೆಂದು ಅನ್ನದ ಅಗುಳು ತಿಕ್ಕಿ ಅಂಟಿಸುತ್ತಿದ್ದರು.

ಈಗ ನೀವು ಮೊಬೈಲ್ ಹಿಡಿದುಕೊಂಡು, “ಮುಚ್ಚಿಡ್ಲಾಕ ನಮ್ದೇನದ ಮುತ್ಯಾ?” ಅನ್ನುತ್ತೀರಿ. ಆಗೆಲ್ಲ ನನಗೆ ಆ ಅಗುಳು ನೆನಪಾಗುತ್ತದೆ.

ಒಂದು ವಸ್ತಿಯಲ್ಲಿ ಸೊಸೆಗೆ ಗಂಡನ ಕಾಗದ ಓದಿ ಹೇಳಿ ಬಂದಿದ್ದೆ. ಮರುದಿನ ಅತ್ತೆ ದಾರಿಗೆ ಅಡ್ಡ ನಿಂತು, “ಏನ್ ಬರ್ದಾನ ನನ್ನ ಮಗ?” ಅಂತ ಕೇಳಿದಳು. “ಕಾಗದ ಆಕಿ ಹೆಸರಿಗಿ ಬಂದದ, ಆಕಿನ್ನ ಕೇಳವ್ವಾ” ಅಂದೆ. ಒಂದು ತಿಂಗಳು ಆ ಮನೆಯಲ್ಲಿ ನನಗೆ ಚಹಾ ಹುಟ್ಟಲಿಲ್ಲ. ಕಾಗದ ಒಯ್ಯುವವನಿಗೆ ಅದರ ಒಳಗಿನ ಮಾತಿನ ಮೇಲೆ ಹಕ್ಕಿಲ್ಲ. ನಮ್ಮ ಇಲಾಖೆಯಲ್ಲಿ ಬೇರೆಯವರ ಕಾಗದ ಒಡೆದವನಿಗೆ ಜೈಲು ಎಂದು 1898ರ ಅಂಚೆ ಕಾಯ್ದೆಯೇ ಹೇಳುತ್ತಿತ್ತು. ಹಾಗಂತ ಸರ್ಕಾರದ ಕೈ ಕಟ್ಟಿರಲಿಲ್ಲ. ತುರ್ತು ಪರಿಸ್ಥಿತಿ, ಸಾರ್ವಜನಿಕ ಸುರಕ್ಷತೆ ಎಂದು ಟಪಾಲು ತಡೆಯುವ ಬಾಗಿಲನ್ನು ಅದೇ ಕಾಯ್ದೆ ಸ್ವಲ್ಪ ತೆರೆದಿಟ್ಟಿತ್ತು. 1986ರಲ್ಲಿ ಆ ಬಾಗಿಲನ್ನು ಇನ್ನಷ್ಟು ಅಗಲ ಮಾಡುವ ಮಸೂದೆ ಪಾರ್ಲಿಮೆಂಟಿನಲ್ಲಿ ಪಾಸಾಯಿತು. ರಾಷ್ಟ್ರಪತಿ ಜೈಲ್ ಸಿಂಗ್ ಸಹಿ ಹಾಕಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಸುಮ್ಮನೆ ಇಟ್ಟುಕೊಂಡು ಕುಳಿತುಬಿಟ್ಟರು. ಅವರ ಬೇರೆ ರಾಜಕೀಯ ಏನೇ ಇರಲಿ, ಆ ಸುಮ್ಮನಿರುವಿಕೆಗೆ ಈ ಪೋಸ್ಟ್‌ಮನ್ ಕೈ ಮುಗಿಯುತ್ತಾನೆ. ಈಗ 2023ರ ಹೊಸ ಅಂಚೆ ಕಾಯ್ದೆ ಬಂದಿದೆ. ಅದರ 9ನೇ ಕಲಮು ಓದಿ ನೋಡಿ, ಬಾಗಿಲು ಎಷ್ಟು ತೆರೆದಿದೆ ಎಂಬುದು ನಿಮಗೇ ತಿಳಿಯುತ್ತದೆ.

ನಮ್ಮ ರಾಜ್ಯದಲ್ಲಿ ಇದೇ ಮಾತಿಗೆ ಮುಖ್ಯಮಂತ್ರಿ ಕುರ್ಚಿಯೇ ಹೋಗಿದೆ. ಮಂದಿಯ ಫೋನು ಕದ್ದಾಲಿಸಿದ ಗದ್ದಲದಲ್ಲಿ ರಾಮಕೃಷ್ಣ ಹೆಗಡೆ 1988ರ ಆಗಸ್ಟ್‌ನಲ್ಲಿ ರಾಜೀನಾಮೆ ಕೊಟ್ಟರು. ಆಗ ತಂತಿಗೆ ಕಿವಿ ಹಚ್ಚಬೇಕಾದರೆ ಒಬ್ಬ ಅಧಿಕಾರಿ ಬೇಕು, ಒಂದು ಆದೇಶ ಬೇಕು, ಸಿಕ್ಕಿಬಿದ್ದರೆ ನಾಚಿಕೆಯೂ ಬೇಕು. ಈಗ ನಾವೇ “ಒಪ್ಪಿಗೆ” ಅಂತ ಒತ್ತಿ ಎಲ್ಲ ಕೊಡುತ್ತೇವೆ. ಸಾಲ ಕೊಡುವ ಆ್ಯಪ್ ನಿನ್ನ ಫೋನಿನಲ್ಲಿರುವ ಅತ್ತಿ, ಮಾವ, ಮಾಸ್ತರರ ನಂಬರುಗಳನ್ನೆಲ್ಲ ಯಾಕೆ ಕೇಳುತ್ತದೆ? ಕಂತು ತಪ್ಪಿದ ದಿನ ಅವರಿಗೆಲ್ಲ ಫೋನ್ ಮಾಡಿ ನಿನ್ನ ಮಾನ ಕಳೆಯಲು. ನಂಬರು, ಫೋಟೊ, ಕರೆಗಳ ಪಟ್ಟಿಗೆ ಇಂಥ ಆ್ಯಪ್‌ಗಳು ಕೈ ಹಾಕಬಾರದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲಿಯೇ ಹೇಳಿದೆ. ಕೇಳಿತು ಅಂದರೆ ಅಲ್ಲಿಯೇ ತೆಗೆದುಹಾಕು.

ಇಂಥದ್ದನ್ನು ಪ್ರಶ್ನಿಸುವ ಹಕ್ಕನ್ನು ನಿಮಗೆ ಗಳಿಸಿಕೊಟ್ಟವನು ಹರೆಯದ ಹುಡುಗನಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, 86ರ ವಯಸ್ಸಿನಲ್ಲಿ, ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಮನೆಯ ಮೆಟ್ಟಿಲು ಹತ್ತುವುದಕ್ಕೇ ನನಗೆ ಈಗ ಕೋಲು ಬೇಕು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂದರು. ಮರುವರ್ಷ ಆಧಾರ್ ತೀರ್ಪು ಬಂತು. ರೇಷನ್ನಿಗೆ ಸರ್ಕಾರ ಬೆರಳು ಕೇಳಬಹುದು, ಆದರೆ ಸಿಮ್ಮಿಗೆ, ಬ್ಯಾಂಕ್ ಖಾತೆಗೆ ಆಧಾರ್ ಕಡ್ಡಾಯ ಮಾಡುವಂತಿಲ್ಲ ಎಂದಾಯಿತು. ಸಿಮ್ ಅಂಗಡಿಯವ ಆಧಾರ್ ಇಲ್ಲದೆ ಆಗುವುದೇ ಇಲ್ಲ ಅಂದರೆ, ಮತ್ತೊಂದು ಗುರುತಿನ ಚೀಟಿ ತೋರಿಸಿ ಕಾಯಿರಿ. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ನಮ್ಮ ಕಟ್ಟೆಯ ಮೇಲೆ ಅಂದು ಒಬ್ಬರೂ ಅವರ ಹೆಸರೆತ್ತಲಿಲ್ಲ.

ಅದೇ ತಿಂಗಳು ನಮ್ಮ ವಿಜಯಪುರದ ಒಬ್ಬ ಹುಡುಗನ ಸುದ್ದಿ ಮಾತ್ರ ಎಲ್ಲರ ಬಾಯಲ್ಲಿತ್ತು. ಪೊಲೀಸ್ ವೇಷದವನು ವಿಡಿಯೊ ಕರೆ ಮಾಡಿ ಹೆದರಿಸಿದ್ದನ್ನು ಈತ ರೆಕಾರ್ಡ್ ಮಾಡಿದ್ದ, ಪ್ರಧಾನಿ ಅದನ್ನು ತಮ್ಮ ರೇಡಿಯೊ ಮಾತಿನಲ್ಲಿ ದೇಶಕ್ಕೆಲ್ಲ ಕೇಳಿಸಿದರು. ಹೀಗೆ ಫೋನಿನಲ್ಲೇ ಬಂಧಿಸುವ ‘ಡಿಜಿಟಲ್ ಅರೆಸ್ಟ್’ ಎನ್ನುವುದು ಯಾವ ಕಾನೂನಿನಲ್ಲೂ ಇಲ್ಲ. ಆದರೂ ಮಂದಿ ಯಾಕೆ ನಡುಗುತ್ತಾರೆ ಹೇಳಿ? ಖಾಕಿ ಕಂಡರೆ ಯಾಕೆ ಅಂತ ಕೇಳಬಾರದು ಎಂದು ನಾವೇ ನಿಮಗೆ ಸಣ್ಣಂದಿನಿಂದ ಕಲಿಸಿದ್ದೇವೆ. ಆ ತಪ್ಪು ನಮ್ಮ ತಲೆಮಾರಿನದು. ನೀವು ಯಾಕೆ ಅಂತ ಕೇಳಿ. ಹಣ ಹೋಗಿಬಿಟ್ಟಿದ್ದರೆ ತಡ ಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಹೆಬ್ಬೆಟ್ಟಿನ ಮಾತು ಹೇಳದೆ ಬಿಡಲಾರೆ. ಓದು ಬರದವರ ಹೆಬ್ಬೆಟ್ಟಿಗೆ ಮಸಿ ಹಚ್ಚಿ ಮನಿಯಾರ್ಡರ್ ಫಾರಂ ಮೇಲೆ ಒತ್ತಿಸಿದವ ನಾನು, ಅದಕ್ಕೇ ಇದು ನನಗೆ ಹೆಚ್ಚು ಚುಚ್ಚಿತು. 2023ರಲ್ಲಿ ಮಂಗಳೂರು, ಬೆಂಗಳೂರು ಕಡೆ ಆಸ್ತಿ ನೋಂದಣಿ ಮಾಡಿಸಿದವರ ಖಾತೆಯಿಂದ ಹಣ ಮಾಯವಾಗತೊಡಗಿತು. ದಸ್ತಾವೇಜಿನ ಮೇಲಿದ್ದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆ ಕಳ್ಳರಿಗೆ ಸಾಕಾಗಿತ್ತು. ಆಧಾರ್ ಮೂಲಕ ಹಣ ತೆಗೆಯುವ ಆ ವ್ಯವಸ್ಥೆಗೆ ಒಟಿಪಿ ಬೇಕಿಲ್ಲ. ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳು ಇದ್ದರೆ ಆಯಿತು. ಪಾಸ್‌ವರ್ಡ್ ಕಳೆದರೆ ಹೊಸದು ಬರೆದುಕೊಳ್ಳಬಹುದು, ಬೆರಳು ಕಳೆದರೆ ಹೊಸದನ್ನು ಎಲ್ಲಿಂದ ತರುವುದು? ಝೆರಾಕ್ಸ್ ಕೊಡುವುದಿದ್ದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಕೊಡಿ. 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿಯೇ ಹೀಗೆ ಮಾಡಿರೆಂದು ಪ್ರಕಟಣೆ ಹೊರಡಿಸಿತ್ತು. ಎರಡೇ ದಿನದಲ್ಲಿ ಮೇಲಿನವರು ಅದನ್ನು ವಾಪಸು ತೆಗೆದುಕೊಂಡರು. ಒಳ್ಳೆಯ ಮಾತಿಗೆ ಎರಡು ದಿನದ ಆಯುಷ್ಯ!

ನನ್ನ ಬೆರಳನ್ನು ಮೊಮ್ಮಗಳು ಎಂಆಧಾರ್ ಆ್ಯಪಿನಲ್ಲಿ ಲಾಕ್ ಮಾಡಿದ್ದಾಳೆ. ರೇಷನ್ ಕೊಡುವ ದಿನ ಅಂಗಡಿಯ ಸಾಲಿನಲ್ಲಿ ನಿಂತು ಆಕೆಗೆ ಫೋನ್ ಮಾಡುತ್ತೇನೆ. ಆಕೆ ಅಲ್ಲಿಂದಲೇ ತೆರೆಯುತ್ತಾಳೆ, ಸ್ವಲ್ಪ ಹೊತ್ತಿಗೆ ಅದು ತಾನೇ ಮುಚ್ಚಿಕೊಳ್ಳುತ್ತದೆ. ಹಿಂದೆ ನಿಂತವರು, “ಮುತ್ಯಾಂದು ದೊಡ್ಡ ಖಜಾನಿ ನೋಡು” ಅಂತ ನಗುತ್ತಾರೆ. ನಗಲಿ. ಸೈಕಲ್ ಹ್ಯಾಂಡಲ್ ಹಿಡಿದು ಹಿಡಿದು ಗೆರೆ ಸವೆದ ಹೆಬ್ಬೆಟ್ಟು ಇದು, ಎರಡು ಸಲ ಒತ್ತಿದರೂ ಯಂತ್ರ ಒಪ್ಪುವುದಿಲ್ಲ. ಮೂರನೇ ಸಲಕ್ಕೆ ಜ್ವಾಳ ಸಿಗುತ್ತದೆ.