ನೆರೆಗೆ ಮುನ್ನ ಆಹಾರದ ರಕ್ಷಣೆ

2023ರ ಸೆಪ್ಟೆಂಬರ್ 23ರ ನಸುಕಿನಲ್ಲಿ ಸುರಿದ ಭಾರಿ ಮಳೆಯಿಂದ ನಾಗಪುರದ ಅಂಬಾಝರಿ ಕೆರೆಯು ಕೋಡಿ ಹರಿದು, ತಗ್ಗಿನ ಬಡಾವಣೆಗಳ ಮನೆಗಳಿಗೆ ನೀರು ನುಗ್ಗಿತು. ಅಂತಹ ಹೊತ್ತಿನಲ್ಲಿ ಧಾನ್ಯವನ್ನು ಎತ್ತಿಡಲು ಕಾಲಾವಕಾಶ ದೊರೆಯದು. ಸಿದ್ಧತೆಯು ಮೊದಲೇ ಆಗಿರಬೇಕು.

ರಾಷ್ಟ್ರೀಯ ಆಹಾರ ಭದ್ರತಾ ಅಧಿನಿಯಮ, 2013ರ ಮೇರೆಗೆ ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕಿಲೋಗ್ರಾಂ ಧಾನ್ಯವು ಸಲ್ಲುತ್ತದೆ. ಚೀಲವು ನೆನೆದರೆ ತಿಂಗಳ ಊಟವೇ ಹೋದಂತೆ. ಆದುದರಿಂದ ಧಾನ್ಯವನ್ನು ಬಿಗಿಮುಚ್ಚಳದ ಡಬ್ಬಿಯಲ್ಲಿ ತುಂಬಿ ಅಟ್ಟದ ಮೇಲಿರಿಸಬೇಕು. ಪಡಿತರ ಚೀಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿಡಬೇಕು. ಬೇಯಿಸದೆ ತಿನ್ನಬಹುದಾದ ಅವಲಕ್ಕಿ, ಹುರಿಗಡಲೆ, ಬೆಲ್ಲ ಹಾಗೂ ಕುಡಿಯುವ ನೀರು ಕೈಗೆಟಕುವಂತಿರಲಿ.

ನೆರೆನೀರು ತಗುಲಿದ ಆಹಾರವನ್ನು ಬಳಸಬಾರದು. ಆರು ತಿಂಗಳೊಳಗಿನ ಶಿಶುವಿಗೆ ಎದೆಹಾಲೇ ಸುರಕ್ಷಿತ ಆಹಾರ, ಅದನ್ನು ನಿಲ್ಲಿಸಕೂಡದು. ಆರು ವರ್ಷದೊಳಗಿನ ಇತರ ಮಕ್ಕಳು, ಗರ್ಭಿಣಿಯರು ಮತ್ತು ಬಾಣಂತಿಯರು ಅಂಗನವಾಡಿಯ ಪೂರಕ ಆಹಾರಕ್ಕೆ ಹಕ್ಕುಳ್ಳವರೆಂಬುದನ್ನು ಮರೆಯಬಾರದು.