ಒಂದಕ್ಕೆ ಎರಡು: ಕ್ರೋಶಾ ಫ್ರಿಲ್ ಹಿಂದಿನ ಲೆಕ್ಕ

ಕ್ರೋಶಾ ಅಂದ ತಕ್ಷಣ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗೋದು ಅಜ್ಜಿ ಮನೆಯ ಟಿವಿ ಕವರ್, ಬಾಗಿಲ ತೋರಣ. ತುದಿಯಲ್ಲಿ ಕೊಕ್ಕೆ ಇರೋ ಒಂದು ಕಡ್ಡಿ, ಒಂದು ಎಳೆ ದಾರ, ಅಷ್ಟೇ ಬಂಡವಾಳ. ಬೇಸಿಕ್ ಸ್ಟಿಚ್ ಕೈಗೆ ಹತ್ತಿದ ಮೇಲೆ ಹೊಸಬರು ಟ್ರೈ ಮಾಡಬಹುದಾದ ಸುಲಭದ ಅಲಂಕಾರ ಫ್ರಿಲ್, ಅಂದರೆ ಅಂಚಿಗೆ ಬರೋ ನೆರಿಗೆ. ನಾನೂ ಅಲ್ಲಿಂದಲೇ ಶುರು ಮಾಡಿದೆ. ಈ ನೆರಿಗೆಯನ್ನು ಸೀರೆ ನೆರಿಗೆಯ ಹಾಗೆ ಯಾರೂ ಕೈಯಲ್ಲಿ ಮಡಚೋದಿಲ್ಲ. ಎಣಿಕೆ ಬದಲಾದರೆ ಅದು ತಾನಾಗೇ ಬೀಳುತ್ತೆ. ಹೇಗೆ ಅಂತ ಒಂದು ಚಿಕ್ಕ ಕೋಸ್ಟರ್ ಹಾಕುತ್ತಾ ನೋಡೋಣ.

ಬೇಕಾಗುವ ಸಾಮಾನು

4 ಎಂಎಂ ಕ್ರೋಶಾ ಕಡ್ಡಿ, ಮಧ್ಯಮ ದಪ್ಪದ ಅಕ್ರಿಲಿಕ್ ಉಲ್ಲನ್ ದಾರ, ಕತ್ತರಿ, ಒಂದು ಸೇಫ್ಟಿ ಪಿನ್. ದಾರ ತಿಳಿ ಬಣ್ಣದ್ದಾಗಿರಲಿ. ಕಪ್ಪು ದಾರದಲ್ಲಿ ಸ್ಟಿಚ್ ಎಣಿಸೋದು ತುಂಬಾ ಕಷ್ಟ.

ಇನ್ನೊಂದು ಎಚ್ಚರಿಕೆ. ಇಲ್ಲಿ ನಾನು ಸಿಂಗಲ್ ಕ್ರೋಶೆ ಅನ್ನೋದು ಅಮೆರಿಕದ ಹೆಸರು. ಅದೇ ಸ್ಟಿಚ್ಚನ್ನು ಬ್ರಿಟಿಷ್ ಪುಸ್ತಕಗಳು ಡಬಲ್ ಕ್ರೋಶೆ ಅಂತ ಕರೆಯುತ್ತವೆ. ನಮ್ಮಲ್ಲಿ ಎರಡೂ ಥರದ ಪ್ಯಾಟರ್ನ್ ಓಡಾಡುತ್ತವೆ, ಹಾಗಾಗಿ ಯಾವ ಪದ್ಧತಿ ಅಂತ ಮೊದಲೇ ನೋಡಿಕೊಳ್ಳಿ.

ಸಿಂಗಲ್ ಕ್ರೋಶೆ ಹಾಕೋದು ಹೀಗೆ: ಕಡ್ಡಿಯನ್ನು ಹಿಂದಿನ ಸ್ಟಿಚ್‌ನ ತಲೆಯ ಕೆಳಗೆ ತೂರಿಸಿ, ದಾರ ಹಿಡಿದು ಈಚೆ ಎಳೆಯಿರಿ. ಕಡ್ಡಿ ಮೇಲೆ ಎರಡು ಕುಣಿಕೆ ಇರುತ್ತವೆ. ಮತ್ತೆ ದಾರ ಹಿಡಿದು ಎರಡರೊಳಗಿಂದಲೂ ಒಟ್ಟಿಗೆ ಎಳೆದರೆ ಒಂದು ಸ್ಟಿಚ್ ಮುಗೀತು.

ಮೊದಲು ಚಪ್ಪಟೆ ಚಕ್ರ

ಗಂಟು ಹಾಕಿ, ಎರಡು ಚೈನ್ ಹಾಕಿ. ಕಡ್ಡಿಯಿಂದ ಎರಡನೇ ಚೈನ್ ಒಳಗೇ 6 ಸ್ಟಿಚ್ ಹಾಕಿ. ಇದು 1ನೇ ಸುತ್ತು. ಪ್ರತಿ ಸುತ್ತಿನ ಮೊದಲ ಸ್ಟಿಚ್‌ಗೆ ಸೇಫ್ಟಿ ಪಿನ್ ಸಿಕ್ಕಿಸಿ, ಇಲ್ಲದಿದ್ದರೆ ಸುತ್ತು ಎಲ್ಲಿ ಮುಗೀತು ಅಂತ ಗೊತ್ತಾಗಲ್ಲ.

2ನೇ ಸುತ್ತು: ಪ್ರತಿ ಸ್ಟಿಚ್‌ನಲ್ಲಿ ಎರಡೆರಡು. ಒಟ್ಟು 12.
3ನೇ ಸುತ್ತು: ಒಂದರಲ್ಲಿ ಒಂದು, ಮುಂದಿನದರಲ್ಲಿ ಎರಡು. ಹೀಗೆ 6 ಸಲ. ಒಟ್ಟು 18.
4ನೇ ಸುತ್ತು: ಎರಡರಲ್ಲಿ ಒಂದೊಂದು, ಮುಂದಿನದರಲ್ಲಿ ಎರಡು. 6 ಸಲ. ಒಟ್ಟು 24.
5ನೇ ಸುತ್ತು: ಮೂರರಲ್ಲಿ ಒಂದೊಂದು, ಮುಂದಿನದರಲ್ಲಿ ಎರಡು. 6 ಸಲ. ಒಟ್ಟು 30.

ಈಗ ಮೇಜಿನ ಮೇಲಿಟ್ಟರೆ ಚಪ್ಪಟೆಯಾಗಿ ಕೂರಬೇಕು.

ಪ್ರತಿ ಸುತ್ತಿಗೆ 6 ಮಾತ್ರ ಹೆಚ್ಚಾಗೋದು ಯಾಕೆ? ಒಂದು ಸುತ್ತು ಹಾಕಿದಾಗ ಚಕ್ರದ ರೇಡಿಯಸ್ ಒಂದು ಸ್ಟಿಚ್‌ನ ಎತ್ತರದಷ್ಟು ಬೆಳೆಯುತ್ತೆ. ಆಗ ಸುತ್ತಳತೆ ಅದರ 2 ಪೈ ಪಟ್ಟು, ಅಂದರೆ ಸುಮಾರು 6.28 ಪಟ್ಟು ಬೆಳೆಯಬೇಕು. ಸಿಂಗಲ್ ಕ್ರೋಶೆಯಲ್ಲಿ ಸ್ಟಿಚ್‌ನ ಎತ್ತರ, ಅಗಲ ಹೆಚ್ಚುಕಮ್ಮಿ ಒಂದೇ. ಹಾಗಾಗಿ 6 ಸ್ಟಿಚ್ ಸೇರಿಸಿದರೆ ಸಾಕು, ಉಳಿದ ಚೂರನ್ನು ದಾರದ ಎಳೆತ ಸರಿದೂಗಿಸುತ್ತೆ. ಸುಮಾರು ಎರಡರಷ್ಟು ಎತ್ತರ ಇರೋ ಅಮೆರಿಕನ್ ಡಬಲ್ ಕ್ರೋಶೆಯಲ್ಲಿ ಸುತ್ತಿಗೆ 12 ಸೇರಿಸೋದೂ ಇದೇ ಕಾರಣಕ್ಕೆ. ಅಜ್ಜಿಯರು ಪೈ ಹೆಸರು ಹೇಳದೇನೇ ಇದನ್ನು ಬಳಸಿಕೊಂಡು ಬಂದಿದ್ದಾರೆ.

6ಕ್ಕಿಂತ ಕಡಿಮೆ ಸೇರಿಸಿದರೆ ಅಂಚಿಗೆ ಉದ್ದ ಸಾಲದೆ ಬಟ್ಟೆ ಬಟ್ಟಲಿನ ಹಾಗೆ ಒಳಗೆ ಬಾಗುತ್ತೆ. ಟೋಪಿ ಹಾಕೋದು ಹೀಗೇ. ಜಾಸ್ತಿ ಸೇರಿಸಿದರೆ ಅಂಚಿನ ಉದ್ದಕ್ಕೆ ಜಾಗ ಸಾಲದೆ ಅದು ಮೇಲೆ ಕೆಳಗೆ ಅಲೆಯಾಗುತ್ತೆ. ಅದೇ ಫ್ರಿಲ್.

ಈಗ ಫ್ರಿಲ್

6ನೇ ಸುತ್ತು: ಪ್ರತಿ ಸ್ಟಿಚ್‌ನಲ್ಲೂ ಎರಡು. ಒಟ್ಟು 60.
7ನೇ ಸುತ್ತು: ಮತ್ತೆ ಒಂದಕ್ಕೆ ಎರಡು. ಒಟ್ಟು 120.

ಚಪ್ಪಟೆ ಚಕ್ರದ 7ನೇ ಸುತ್ತಿಗೆ ಬೇಕಾಗೋದು 42 ಸ್ಟಿಚ್. ನಾವು ಅಲ್ಲಿ 120 ತುಂಬಿದ್ದೇವೆ. 6ನೇ ಸುತ್ತಲ್ಲಿ ಅಂಚು ಸ್ವಲ್ಪ ಅಲುಗಿದ ಹಾಗೆ ಕಾಣುತ್ತೆ, 7ರಲ್ಲಿ ಪೂರ್ತಿ ನೆರಿಗೆ ಬೀಳುತ್ತೆ. ಕೈ ಸ್ವಲ್ಪ ಸಡಿಲ ಇರಲಿ, ಬಿಗಿಯಾಗಿ ಎಳೆದರೆ ಮುಂದಿನ ಸುತ್ತಿಗೆ ಕಡ್ಡಿ ತೂರೋದಿಲ್ಲ. ಕೊನೆಗೆ ದಾರ ಕತ್ತರಿಸಿ, ಕುಣಿಕೆಯೊಳಗೆ ಎಳೆದು ಬಿಗಿ ಮಾಡಿ. ಇಸ್ತ್ರಿ ಮಾತ್ರ ಹಾಕಬೇಡಿ, ಬಿಸಿಗೆ ಅಕ್ರಿಲಿಕ್ ದಾರ ಜೀವ ಕಳೆದುಕೊಂಡು ನೆರಿಗೆ ಜೋತುಬೀಳುತ್ತೆ.

ಕೋಳಿಜುಟ್ಟು ಹೂವನ್ನು ನೋಡಿದ್ದೀರಲ್ಲ? ಆ ಮಡಿಕೆಗಳೂ ಹೀಗೇ, ಅಂಚು ಬುಡಕ್ಕಿಂತ ಜಾಸ್ತಿ ಬೆಳೆದಾಗ ಬರುವಂಥವು. ಗಣಿತದಲ್ಲಿ ಇದಕ್ಕೆ ನೆಗೆಟಿವ್ ಕರ್ವೇಚರ್ ಅಂತಾರೆ. 1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ಲಾಟ್ವಿಯಾದ ಗಣಿತಜ್ಞೆ ಡೈನಾ ಟೈಮಿನಾ, ಹೈಪರ್ಬೋಲಿಕ್ ಜಾಮೆಟ್ರಿ ಕಲಿಸೋಕೆ ಇದೇ ಉಪಾಯ ಬಳಸಿದರು. ಆ ಪಾಠಕ್ಕಿದ್ದ ಪೇಪರ್ ಮಾಡೆಲ್‌ಗಳು ಬೇಗ ಹರಿಯುತ್ತಿದ್ದವು. ಅವರು ಕ್ರೋಶಾ ಕಡ್ಡಿ ಹಿಡಿದು, ಮೊದಲಿಂದ ಕೊನೆವರೆಗೂ ಒಂದೇ ಅನುಪಾತದಲ್ಲಿ ಸ್ಟಿಚ್ ಹೆಚ್ಚಿಸುತ್ತಾ ಹೋದರು. ಅಂಥ ಬಟ್ಟೆಯ ಮೇಲೆ ತ್ರಿಕೋನ ಹೊಲಿದರೆ ಮೂರು ಕೋನಗಳ ಮೊತ್ತ 180 ಡಿಗ್ರಿಗಿಂತ ಕಡಿಮೆ ಬರೋದು ಕಣ್ಣಿಗೇ ಕಾಣುತ್ತೆ.

ಕೊನೆ ಸುತ್ತಿನ ಬೆಲೆ

ಮೊದಲಿಂದಲೇ ಒಂದಕ್ಕೆ ಎರಡು ಹಾಕುತ್ತಾ ಹೋದರೆ ಏನಾಗುತ್ತೆ ನೋಡಿ: 6, 12, 24, 48, 96, 192, 384, 768. ಎಂಟನೇ ಸುತ್ತೊಂದೇ 768, ಅದಕ್ಕಿಂತ ಮುಂಚಿನ ಏಳೂ ಸುತ್ತು ಸೇರಿದರೆ 762. ಬೈನರಿ ಟ್ರೀಯ ಕೊನೆ ಸಾಲಿನ ಕಥೆಯೇ ಇದು. ಒಂದು ಸ್ಟಿಚ್‌ಗೆ 5 ಸೆಕೆಂಡ್ ಅಂತ ಹಿಡಿದರೂ ಆ ಒಂದು ಸುತ್ತಿಗೆ 64 ನಿಮಿಷ. ಒಂಬತ್ತನೇ ಸುತ್ತಿಗೆ ಎರಡು ಗಂಟೆ ದಾಟುತ್ತೆ.

ನಮ್ಮ ಪುಟ್ಟ ಕೋಸ್ಟರ್‌ನಲ್ಲೂ ಅಷ್ಟೇ. ಒಳಗಿನ ಐದು ಸುತ್ತು ಸೇರಿ 90 ಸ್ಟಿಚ್, ಫ್ರಿಲ್‌ನ ಎರಡೇ ಸುತ್ತು 180. ಅಂದರೆ ಕೆಲಸದ ಮೂರರಲ್ಲಿ ಎರಡು ಭಾಗ ಅಂಚಿನಲ್ಲೇ ಇದೆ.

ಇದನ್ನು ಹೇಳೋಕೆ ಕಾರಣ ಇದೆ. ಸ್ವೆಟರ್ ಹೆಣೆಯೋ ಹಾಗೆ ಕ್ರೋಶಾ ಹಾಕೋ ಮೆಷಿನ್ ಕಾರ್ಖಾನೆಗಳಲ್ಲಿ ಇಲ್ಲ, ಪ್ರತಿ ಕುಣಿಕೆಯನ್ನೂ ಯಾರೋ ಕೈಯಲ್ಲಿ ಎಳೆದಿರುತ್ತಾರೆ. ಆಂಧ್ರದ ನರಸಾಪುರದ ಕಡೆ 19ನೇ ಶತಮಾನದಲ್ಲಿ ಮಿಷನರಿಗಳಿಂದ ಬಂದ ಕ್ರೋಶಾ ಲೇಸ್, ದೊಡ್ಡ ರಫ್ತು ಉದ್ಯಮವಾಗಿಯೇ ಬೆಳೆಯಿತು. ಅಲ್ಲಿನ ಹೆಂಗಸರ ಬಗ್ಗೆ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ 1982ರಲ್ಲಿ ಪುಸ್ತಕವನ್ನೇ ಬರೆದರು. ಮನೆಯಲ್ಲಿ ಕೂತು ಬಿಡುವಿನಲ್ಲಿ ಮಾಡೋ ಕೆಲಸ ಅನ್ನೋ ನೆಪದಲ್ಲಿ ಅವರಿಗೆ ಸಿಗುತ್ತಿದ್ದ ಕೂಲಿ ತೀರಾ ಕಡಿಮೆ ಅನ್ನೋದು ಅದರ ಮುಖ್ಯ ಮಾತು.

ಕಾಲೇಜ್ ಫೆಸ್ಟ್‌ನ ಸ್ಟಾಲ್‌ನಲ್ಲಿ ಫ್ರಿಲ್ ಇರೋ ಹೂವೋ ಪೌಚೋ ಕಂಡರೆ "ಇಷ್ಟು ಚಿಕ್ಕದಕ್ಕೆ ಇಷ್ಟಾ?" ಅಂತ ಕೇಳೋ ಮುಂಚೆ ಅಂಚಿನ ಒಂದು ನೆರಿಗೆಯಲ್ಲಿರೋ ಸ್ಟಿಚ್ ಎಣಿಸಿ. ಅದನ್ನು ನೆರಿಗೆಗಳ ಸಂಖ್ಯೆಯಿಂದ ಗುಣಿಸಿ, 5 ಸೆಕೆಂಡ್‌ನಿಂದ ಇನ್ನೊಮ್ಮೆ ಗುಣಿಸಿ. ಆಮೇಲೆ ಬೇಕಿದ್ದರೆ ಚೌಕಾಸಿ ಮಾಡಿ.