ಗರಡಿಯ ಪಾಠ

ಆತ್ಮರಕ್ಷಣೆಯ ವಿದ್ಯೆಯನ್ನು ಕಲಿಯಬೇಕೆಂಬ ಆಸೆ ಎಳೆಯರಲ್ಲಿ ಸಹಜವಾದುದು. ಆದರೆ ಕಲಿತ ವಿದ್ಯೆಯು ಆಪತ್ಕಾಲಕ್ಕೆ ಒದಗುವುದೇ ಎಂಬುದು ಬೇರೆಯೇ ಪ್ರಶ್ನೆ. ಕೈ ಹಿಡಿದವನಿಂದ ಬಿಡಿಸಿಕೊಳ್ಳುವ ಉಪಾಯವನ್ನೇ ತೆಗೆದುಕೊಳ್ಳಬಹುದು. ಹೆಬ್ಬೆರಳು ಉಳಿದ ಬೆರಳುಗಳನ್ನು ಸಂಧಿಸುವ ಎಡೆಯಲ್ಲಿ ಹಿಡಿತವು ದುರ್ಬಲವಾಗಿರುತ್ತದೆ. ಆ ಕಡೆಗೆ ಮಣಿಕಟ್ಟನ್ನು ತಿರುಗಿಸಿ ಸೆಳೆದುಕೊಂಡರೆ ಕೈ ಬಿಡುಗಡೆಯಾಗುತ್ತದೆ. ಗೆಳತಿಯು ಮೆಲ್ಲನೆ ಹಿಡಿದಾಗ ಈ ಉಪಾಯವು ಮೊದಲ ಸಲವೇ ಫಲಿಸುತ್ತದೆ. ಬಲಿಷ್ಠನೊಬ್ಬನು ಥಟ್ಟನೆ ಹಿಡಿದು ದರದರನೆ ಎಳೆದಾಗಲೂ ಅದು ಫಲಿಸುವುದೇ?

ಈ ಪ್ರಶ್ನೆಗೆ ನಮ್ಮ ಗರಡಿಗಳು ಬಹುಕಾಲದ ಹಿಂದೆಯೇ ಉತ್ತರವನ್ನು ಕಂಡುಕೊಂಡಿವೆ. ಕಲಬುರಗಿ ಜಿಲ್ಲೆಯ ಸುಲೇಪೇಟ, ಸೇಡಂ, ಚಿಂಚೋಳಿಗಳ ಸೀಮೆಗೆ ಮಲ್ಲವಿದ್ಯೆ ಹೊಸತಲ್ಲ. ಒಂದು ಕಾಲದಲ್ಲಿ ಈ ನಾಡನ್ನು ಕಲ್ಯಾಣದಿಂದ, ಎಂದರೆ ಇಂದಿನ ಬಸವಕಲ್ಯಾಣದಿಂದ, ಚಾಲುಕ್ಯರು ಆಳುತ್ತಿದ್ದರು. ಆ ವಂಶದ ಮೂರನೆಯ ಸೋಮೇಶ್ವರನು ಕ್ರಿ.ಶ. 1129ರ ಸುಮಾರಿನಲ್ಲಿ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ವಯಸ್ಸು, ಬಲಗಳಿಗೆ ತಕ್ಕಂತೆ ಮಲ್ಲರನ್ನು ವಿಂಗಡಿಸುವುದು, ಅವರ ಆಹಾರ, ಭಾರ ಎತ್ತುವುದು, ಈಜುವುದು, ಕಂಬದ ಮೇಲಿನ ವ್ಯಾಯಾಮ ಇವೆಲ್ಲವನ್ನೂ ಅರಸನು ಅದರಲ್ಲಿ ವಿವರಿಸಿದ್ದಾನೆ.

ಈ ಸೀಮೆಯವರು ಗರಡಿಯನ್ನು ತಾಲೀಮು ಎಂದೂ ಗುರುವನ್ನು ವಸ್ತಾದನೆಂದೂ ಕರೆಯುವುದುಂಟು. ವಸ್ತಾದನು ಒಂದು ಪಟ್ಟನ್ನು ತೋರಿಸಿಕೊಡುವಾಗ ಎದುರಾಳಿಯು ಸುಮ್ಮನೆ ನಿಂತಿರುತ್ತಾನೆ. ಆದರೆ ಪಾಠವು ಅಲ್ಲಿಗೆ ಮುಗಿಯದು. ಮರುಗಳಿಗೆಯೇ ಅವನು ಕೈ ಕೊಡವುತ್ತಾನೆ, ಕಾಲು ಹಿಂತೆಗೆಯುತ್ತಾನೆ, ಹೆಗಲಿನಿಂದ ತಳ್ಳುತ್ತಾನೆ. ಸುಲಭವೆಂದು ತೋರಿದ ಪಟ್ಟು ಆಗ ಕೈಗೂಡುವುದಿಲ್ಲ. ಹತ್ತು ಸಲ ಮಣ್ಣು ಮುಕ್ಕಿದವನಿಗೆ ಹನ್ನೊಂದನೆಯ ಸಲ ಅದು ವಶವಾಗುತ್ತದೆ. ಹಾಗೆ ವಶವಾದುದು ಮತ್ತೆ ಕೈಬಿಡುವುದಿಲ್ಲ.

ಇದಕ್ಕೆ ವಿರುದ್ಧವಾದುದು ಕೇವಲ ಪ್ರದರ್ಶನದ ಅಭ್ಯಾಸ. ವೇದಿಕೆಯ ಮೇಲೆ ಬಾಲಕನೊಬ್ಬನು ಮೂವರನ್ನು ನೆಲಕ್ಕೆ ಕೆಡಹುತ್ತಾನೆ. ಆ ಮೂವರೂ ಯಾವಾಗ ಬರಬೇಕು, ಹೇಗೆ ಬೀಳಬೇಕು ಎಂಬುದನ್ನು ಮೊದಲೇ ಕಲಿತಿರುತ್ತಾರೆ. ನೋಟಕ್ಕೆ ಅದು ಸೊಗಸು. ಶರೀರಕ್ಕೆ ಚುರುಕನ್ನೂ ತಂದೀತು. ಆದರೆ ಅದನ್ನೇ ರಕ್ಷಣೆಯೆಂದು ನಂಬುವುದು ಬಾವಿಯ ದಡದ ಮೇಲೆ ಕೈ ಬಡಿದು ಈಜು ಬಂದಿತೆಂದು ಭಾವಿಸಿದಂತೆ. ಏನೂ ಅರಿಯದವನು ಅಪಾಯವನ್ನು ಕಂಡು ಓಡುತ್ತಾನೆ. ಹುಸಿಧೈರ್ಯದವನು ಅದರ ಎದುರಿಗೇ ನಿಲ್ಲುತ್ತಾನೆ.

ಜಪಾನಿನ ಜಿಗೊರೊ ಕಾನೊ ಎಂಬ ಶಿಕ್ಷಣತಜ್ಞನೂ ಈ ಸತ್ಯವನ್ನು ಮನಗಂಡಿದ್ದನು. ಅವನು 1882ರಲ್ಲಿ ಟೋಕಿಯೊ ನಗರದಲ್ಲಿ ಜೂಡೋ ಶಾಲೆಯನ್ನು ತೆರೆದನು. ಪ್ರಾಣಾಪಾಯವನ್ನು ತರುವ ಹೊಡೆತಗಳನ್ನು ಜೊತೆಗಾರರ ಮೇಲೆ ಪೂರ್ಣಬಲದಿಂದ ಪ್ರಯೋಗಿಸಲಾಗದು. ಆದುದರಿಂದ ಅವನು ಅವುಗಳನ್ನು ಕ್ರಮಬದ್ಧ ಪ್ರದರ್ಶನಗಳಿಗೆ ಮೀಸಲಿಟ್ಟು, ಎಸೆತ, ಹಿಡಿತಗಳನ್ನು ಮುಕ್ತ ಕಾದಾಟದಲ್ಲಿ ದಿನವೂ ಅಭ್ಯಾಸ ಮಾಡಿಸಿದನು. ಎಂದೂ ಪರೀಕ್ಷೆಗೆ ಒಡ್ಡದ ಘೋರ ವಿದ್ಯೆಗಿಂತ ನಿತ್ಯವೂ ಒರೆಗೆ ಹಚ್ಚಿದ ಸರಳ ವಿದ್ಯೆಯೇ ಮೇಲು ಎಂಬುದು ಇದರ ತಿರುಳು. ಜೂಡೋ 1964ರ ಒಲಿಂಪಿಕ್ ಕ್ರೀಡಾಕೂಟದಲ್ಲಿ ಸ್ಥಾನವನ್ನು ಪಡೆಯಿತು.

ಗರಡಿಗೂ ಮಿತಿಯುಂಟು. ಅಲ್ಲಿ ಎದುರಾಳಿ ಒಬ್ಬನೇ. ಅವನ ಕೈಯಲ್ಲಿ ಆಯುಧವಿಲ್ಲ. ಜೋಡಿಯನ್ನು ಸರಿನೋಡಿ ಕಟ್ಟುತ್ತಾರೆ. ದಾರಿಯಲ್ಲಿ ಎರಗುವವನು ಜೋಡಿಯನ್ನು ನೋಡುವುದಿಲ್ಲ. ಆದುದರಿಂದ ನಿಜವಾದ ಆತ್ಮರಕ್ಷಣೆಯು ಎಚ್ಚರದಿಂದ ಆರಂಭವಾಗುತ್ತದೆ. ಅಪಾಯದ ಸ್ಥಳವನ್ನು ಬಿಟ್ಟು ಹೋಗುವುದು, ಗಟ್ಟಿಯಾಗಿ ಕೂಗುವುದು, ಜನರಿರುವ ಕಡೆಗೆ ಓಡುವುದು, 112ಕ್ಕೆ ದೂರವಾಣಿ ಮಾಡುವುದು, ಇವು ಹೇಡಿತನವಲ್ಲ. ಪಟ್ಟಿನ ಉದ್ದೇಶವೂ ಗೆಲ್ಲುವುದಲ್ಲ. ಓಡಲು ಒಂದು ಗಳಿಗೆಯನ್ನು ಗಳಿಸಿಕೊಳ್ಳುವುದು.

ಸರಕಾರಿ ಶಾಲೆಗಳ ಬಾಲಕಿಯರಿಗಾಗಿ ರಾಣಿ ಲಕ್ಷ್ಮೀಬಾಯಿಯ ಹೆಸರಿನಲ್ಲಿ ಆತ್ಮರಕ್ಷಣಾ ತರಬೇತಿಯನ್ನು ಏರ್ಪಡಿಸಲಾಗಿದೆ. ಅಂತಹ ತರಬೇತಿಯು ಸಾರ್ಥಕವಾಗುವುದು ಚಪ್ಪಾಳೆಯಿಂದಲ್ಲ. ಶಿಕ್ಷಕರ ಕಣ್ಣೆದುರಿನಲ್ಲಿ ಜೊತೆಗಾತಿಯು ಮುನ್ಸೂಚನೆಯಿಲ್ಲದೆ ಗಟ್ಟಿಯಾಗಿ ಕೈ ಹಿಡಿಯಬೇಕು. ಹಿಡಿಸಿಕೊಂಡವಳು ಮೈಯ ಭಾರವನ್ನೆಲ್ಲ ಹಾಕಿ, ಕೂಗುತ್ತ ಬಿಡಿಸಿಕೊಳ್ಳಬೇಕು. ಮೊದಲ ದಿನ ಅವಳು ಸೋಲಬಹುದು. ಅಂಗಳದ ಆ ಸೋಲಿನಿಂದ ಯಾವ ಕೇಡೂ ಇಲ್ಲ. ಅಲ್ಲಿ ಸೋತು ಕಲಿತುದೇ ದಾರಿಯಲ್ಲಿ ಅವಳನ್ನು ಕಾಯುತ್ತದೆ.